ವಿಠಲಣ್ಣನ ಠ

ಬ್ಲೇಡಿನ ತುದಿ ಮುರಿದಿರಬಹುದು. ಮುರಿಯದೆ ಬರೀ ಸವೆದಿರಬಹುದು. ಅದನ್ನು ಹಿಡಿದಿಡುವ ಹೋಲ್ಡರಿನಿಂದ ಕೂದಲೆಳೆಯಷ್ಟು ಹೆಚ್ಚು ಹೊರಗೆ ಬಂದಿರಬಹುದು, ಇಲ್ಲವೇ ಒಳಗೆ ಸರಿದಿರಬಹುದು. ಒತ್ತಡ ಹೆಚ್ಚಾಗಿರಬಹುದು, ಕಡಿಮೆಯಾಗಿರಬಹುದು. ರೋಲರ್ ಹಾಳೆಯನ್ನು ಸೊಟ್ಟಗೆ ಎಳೆಯುತ್ತಿರಬಹುದು. ಮಳೆಗಾಲದ ತೇವಕ್ಕೆ ಅಂಟು ಕೆಟ್ಟಿರಬಹುದು. ಕಂಪ್ಯೂಟರಿಗೆ ವೈರಸ್ ಬಂದಿರಬಹುದು. ನನಗೇ ಏನಾದರೂ ಬಂದಿರಬಹುದು. ಬೆಳಗಿನಿಂದ ಎಡಗೈ ಯಾಕೋ ಜುಮ್ಮೆನ್ನುತ್ತಿತ್ತು.

ಗೋರೆಗಾಂವ್‌ನಲ್ಲಿ ನನ್ನದೊಂದು ರೇಡಿಯಂ ಅಂಗಡಿ. ಬಣ್ಣದ ಅಂಟುಹಾಳೆಯಲ್ಲಿ ಅಕ್ಷರ ಕತ್ತರಿಸಿ ಗಾಡಿಗೆ, ಗಾಜಿಗೆ ಅಂಟಿಸುವ ಕೆಲಸಕ್ಕೆ ಮುಂಬಯಿಯಲ್ಲಿ ಅದೇ ಹೆಸರು. ಆ ಬೆಳಿಗ್ಗೆ ನನ್ನ ಮಷಿನು ‘ವಿಠಲ’ ಎಂಬ ಹೆಸರನ್ನು ಮೂರನೆಯ ಸಲ ಹರಿದುಹಾಕಿತ್ತು. ಇಂಥ ಹೊತ್ತಿನಲ್ಲಿ ನಾನು ಫೋನ್ ಮಾಡುತ್ತಿದ್ದದ್ದು ಒಬ್ಬರಿಗೇ. ಆ ಹೆಸರು ಅವರದೇ. ಸಂಜೆ ಐದಕ್ಕೆ ಅವರ ಸಂತಾಪ ಸಭೆ.

“ಅಂಕಲ್, ಪಪ್ಪಾನ ಫೋಟೋ ಕೆಳಗೆ ಹೆಸರು ಕನ್ನಡದಲ್ಲೇ ಬೇಕು,” ಎಂದು ಹಿಂದಿನ ದಿನ ಅವರ ಮಗಳು ಶಾಂಭವಿ ಕೇಳಿದ್ದಳು. “ನೀವು ಕಟ್ ಮಾಡ್ತೀರಾ? ನಹೀ ತೋ ಫ್ಲೆಕ್ಸ್ ಭೀ ಚಲೇಗಾ.”

ಫ್ಲೆಕ್ಸ್! ಅದನ್ನು ಕಂಡರೆ ವಿಠಲಣ್ಣ ಮುಖ ತಿರುಗಿಸುತ್ತಿದ್ದರು. “ಅದು ಬರೆಯೂದಾ? ಬಣ್ಣ ಉಗಿಯೂದು ಮಾರಾಯ.” ನಾನು ಕಟ್ ಮಾಡಿಯೇ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಮಾತು ಕೊಟ್ಟ ಮೇಲೆ ನಿದ್ದೆ ಬರಲಿಲ್ಲ. ಅದು ನನ್ನ ರೂಢಿ.

ವಿಠಲಣ್ಣ ಉಡುಪಿ ಕಡೆಯವರು. ಹೋಟೆಲುಗಳ ಹಿಟ್ಟಿನ ಗ್ರೈಂಡರ್ ರಿಪೇರಿಯಿಂದ ಶುರುಮಾಡಿ ನಮ್ಮ ಕಟಿಂಗ್ ಮಷಿನುಗಳಿಗೆ ಬಂದವರು. ಧಾರಾವಿಯ ಒಂದೇ ಕೋಣೆಯ ಖೋಲಿಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದರು, ಕೈಯಲ್ಲಿ ಹಳೆಯ ಸ್ಟೀಲ್ ಟಿಫಿನ್ ಡಬ್ಬಿ. ಮೇಲಿನ ಡಬ್ಬಿಯಲ್ಲಿ ಸ್ಕ್ರೂ ಡ್ರೈವರು, ನಡುವಿನದರಲ್ಲಿ ಬ್ಲೇಡು, ಕೆಳಗಿನದರಲ್ಲಿ ಊಟ. ಬ್ಲೇಡನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು, ಗೀರು ನೋಡಿಯೇ ಅದರ ಆಯುಸ್ಸು ಹೇಳುತ್ತಿದ್ದರು. ಆ ಉಗುರು ಹಳೆಯ ಸ್ಲೇಟಿನಂತಿತ್ತು.

ಮೊದಲ ಸಲ ಬಂದಾಗ, ಅಕ್ಷರ ಸರಿಯಾಗಿ ಕತ್ತರಿಸುತ್ತಿಲ್ಲವೆಂದು ನಾನು ಹೆದರಿ ಒತ್ತಡ ಏರಿಸುತ್ತಾ ಏರಿಸುತ್ತಾ ಹಾಳೆಯಡಿಯ ಮಷಿನಿನ ಪಟ್ಟಿಯವರೆಗೂ ಸೀಳಿಟ್ಟಿದ್ದೆ. ಅವರು ಬಗ್ಗಿ ನೋಡಿದರು. “ನೀನು ಸ್ಟಿಕರ್ ಕಟ್ ಮಾಡಿದ್ದಾ, ಮಷಿನನ್ನೇ ಕಟ್ ಮಾಡಿದ್ದಾ?”

“ಏನೇನೋ ಹಾಳಾಗಿರಬಹುದು ಅಂತ...”

“ಮೊದಲು ಬೊಟ್ಟು ನೋಡು. ಆಮೇಲೆ ಬಡ್ಕೊ.”

ಅವರ ಬೊಟ್ಟೆಂದರೆ ‘ಠ’ದ ಹೊಟ್ಟೆಯೊಳಗಿನ ಚುಕ್ಕೆ. ಬೇರೆ ಮೆಕ್ಯಾನಿಕರು ಚೌಕವೋ ತ್ರಿಕೋನವೋ ಕತ್ತರಿಸಿ ಪರೀಕ್ಷಿಸಿದರೆ, ಇವರು ತಮ್ಮ ಹೆಸರಿನ ನಡುವಿನ ಅಕ್ಷರವನ್ನು ಚಿಕ್ಕದಾಗಿ ಕತ್ತರಿಸುತ್ತಿದ್ದರು. ಸುತ್ತು ಮುಚ್ಚಬೇಕು, ಬೊಟ್ಟು ಕದಲದೆ ಕೂರಬೇಕು. ನೆಟ್ಟಗಿನ ಗೆರೆ ಯಾವ ಬ್ಲೇಡೂ ಎಳೆಯುತ್ತದೆ, ತಿರುಗಿಸಿದಾಗಲೇ ಅದರ ಬಂಡವಾಳ ತಿಳಿಯುವುದು ಎನ್ನುತ್ತಿದ್ದರು. ಬೊಟ್ಟು ಎದ್ದುಹೋದರೆ ಅದು ಸಿಗುವವರೆಗೆ ಮಷಿನು ಮುಚ್ಚಲು ಬಿಡುತ್ತಿರಲಿಲ್ಲ.

ಕೊನೆಯ ಸಲ ಬಂದಾಗ ಕೆಂಪು ಹಾಳೆಯ ತುಂಡಿನಲ್ಲಿ ‘ಠ’ ಕತ್ತರಿಸಿದರು. ಸುತ್ತು ಮುಚ್ಚಿತು, ಬೊಟ್ಟು ಮಾತ್ರ ಕಾಣೆ. ಮಂಡಿಯೂರಿ ನೆಲವೆಲ್ಲಾ ತಡಕಿದರು. ನನಗೆ ಅವರ ರೈಲಿನ ಚಿಂತೆ.

“ವಿಠಲಣ್ಣ, ಹೊರಡಿ. ಗರ್ದಿ ಶುರುವಾಗತ್ತೆ, ರೈಲಲ್ಲಿ ನಿಲ್ಲೋಕೂ ಜಾಗ ಸಿಗಲ್ಲ.”

“ಸಂಜೆ ಗರ್ದಿ ಬೊರಿವ್ಲಿ ಕಡೆಗೆ ಮಾರಾಯ. ನಾನು ಹೋಗೂದು ಮಾಹಿಮ್ ಕಡೆಗೆ.”

“ಆದರೂ... ನಾನು ಹುಡುಕ್ತೀನಿ, ನೀವು ಹೋಗಿ.”

“ಹುಡುಕ್ತೀಯಲ್ಲ?” ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಕೇಳಿದರು. ಹೂಂ ಎಂದೆ. ಹುಡುಕಲಿಲ್ಲ. ಆಮೇಲೆ ಶಾಲಾ ಬಸ್ಸುಗಳಿಗೆ ಬಿಳಿ ಪಟ್ಟಿಗಳನ್ನಷ್ಟೇ ಕತ್ತರಿಸಿದೆ. ನೆಟ್ಟಗಿನ ಗೆರೆಗಳು, ಯಾವ ತಕರಾರೂ ಬರಲಿಲ್ಲ. ಹತ್ತನೆಯ ದಿನ ಶಾಂಭವಿಯ ಫೋನ್ ಬಂತು, ಪಪ್ಪಾ ಹೋದರೆಂದು.

ಈಗ ಗಂಟೆ ಹನ್ನೊಂದು. ಕೈ ತಾನಾಗಿ ಒತ್ತಡ ಏರಿಸಲು ಹೋಯಿತು, ಹಿಂದಕ್ಕೆಳೆದುಕೊಂಡೆ. ಮೊದಲು ಬೊಟ್ಟು. ಚಿಕ್ಕ ‘ಠ’ ಕತ್ತರಿಸಿದೆ. ಸುತ್ತು ಮುಚ್ಚಲಿಲ್ಲ. ಬ್ಲೇಡನ್ನು ಉಗುರಿನ ಮೇಲೆ ಎಳೆದೆ: ಗೀರು ಸಣ್ಣಗೆ, ನೀಟಾಗಿ ಬಿತ್ತು. ಹಾಗಾದರೆ ಬ್ಲೇಡಿನದಲ್ಲ ತಪ್ಪು, ಅದು ತಿರುಗುತ್ತಿಲ್ಲ. ಹೋಲ್ಡರಿನ ಮೂತಿ ಬಿಚ್ಚಿದೆ. ಒಳಗೆ ಏನೋ ಅಂಟಿಕೊಂಡಿತ್ತು.

ಸಂಜೆ ಐದಕ್ಕೆ ಫೋಟೋದ ಕೆಳಗೆ ಕಪ್ಪಕ್ಷರದಲ್ಲಿ ಹೆಸರು ನಿಂತಿತ್ತು. ‘ಠ’ದ ಹೊಟ್ಟೆ ಎಲ್ಲೂ ಬಿಟ್ಟುಕೊಂಡಿರಲಿಲ್ಲ. ಶಾಂಭವಿ ಅದರ ಮೇಲೆ ಬೆರಳಾಡಿಸಿ ಕೇಳಿದಳು: “ಮಷಿನ್ ಖರಾಬ್ ಆಗಿತ್ತಂತೆ? ಏನಾಗಿತ್ತು ಅಂಕಲ್?”

ಜೇಬಿನಿಂದ ಮಡಚಿದ ಕಾಗದ ತೆಗೆದು ಅವಳ ಅಂಗೈಯ ಮೇಲೆ ಬಿಚ್ಚಿದೆ. ಸಾಸಿವೆಗಿಂತ ಚಿಕ್ಕದಾದ ಒಂದು ಕೆಂಪು ಬೊಟ್ಟು.