ನೀರು ಕಲಕಿದರೆ ಮೇಲೆ ಬರುವ ಬರಾತಲಿ

ಬೆಳಕು ಹರಿಯುವ ಹೊತ್ತಿಗೆ ಬರಾತಲಿ ಬಾವಿಯ ಬಾಯಲ್ಲಿ ನಿಂತಿದ್ದಾರೆ. ಬಿಳಿ ಅಂಗಿ, ಬಿಳಿ ಇಜಾರ, ತಲೆಗೂ ಬಿಳಿ ಬಟ್ಟೆ. ಬೆಟ್ಟದ ಬುಡದಿಂದ ನೆಲದಡಿಯಲ್ಲೇ ಊರಿಗೆ ನೀರು ತರುವ ಸುರಂಗ, ನಮ್ಮ ಕನಾತ್, ಅದಕ್ಕೆ ಇಳಿಯುವವರು ಬಿಳಿಯನ್ನೇ ಉಡುವುದು. ಮಣ್ಣು ಕುಸಿದರೆ ಹೆಣಕ್ಕೆ ಬೇರೆ ಬಟ್ಟೆ ಹುಡುಕುವ ತೊಂದರೆ ಬೇಡವೆಂದು ಹಿರಿಯರು ಮಾಡಿಟ್ಟ ಏರ್ಪಾಡು. ನಮಾಜು ಮುಗಿಸಿ, ಎಣ್ಣೆದೀಪ ಹಚ್ಚಿ, ರಾಟೆಯ ಹಗ್ಗ ಹಿಡಿದು ಅವರು ಕತ್ತಲೆಗೆ ಇಳಿಯುತ್ತಾರೆ.

“ಒಳಗೆ ದೀಪ ಆರ್ತು ಅಂದ್ರೆ ಗಾಳಿ ಕೆಟ್ಟಿದೆ ಅಂತ. ಆಗ ಧೈರ್ಯ ತೋರಿಸೋನು ಗಂಡಸಲ್ಲ, ಪೆದ್ದ” ಎಂಬ ಮಾತು ಕೆಳಗಿನಿಂದ ಕೇಳಿಬರುತ್ತದೆ.

ನಾನೂ ಅವರ ಹಿಂದೆ ಇಳಿಯುತ್ತೇನೆ. ನಾನು ಈ ನರ್ಗಿಸಾಬಾದ್ ಊರಿನಲ್ಲೇ ಹುಟ್ಟಿ ಈ ನೀರನ್ನೇ ಕುಡಿದು ಬೆಳೆದವನು, ಆದರೂ ಅದು ಬರುವ ದಾರಿಯನ್ನು ಕಂಡಿರಲಿಲ್ಲ. ಬಗ್ಗಿ ನಡೆಯಬೇಕು, ಮೊಣಕಾಲಿನವರೆಗೆ ತಣ್ಣನೆಯ ನೀರು, ತಲೆಯ ಮೇಲೆ ಇಡೀ ಮರುಭೂಮಿ. ಒಂದು ತಿರುವಿನಲ್ಲಿ ಬರಾತಲಿ ನಿಲ್ಲುತ್ತಾರೆ. ಒದ್ದೆ ಜೇಡಿಯಲ್ಲಿ ಎರಡು ಲೋಹದ ತಟ್ಟೆಗಳನ್ನು ಹುಗಿದಿಟ್ಟಿದ್ದಾರೆ, ಅವುಗಳ ತಂತಿ ಮೇಲಿನ ಪೆಟ್ಟಿಗೆಗೆ ಹೋಗಿದೆ. ಪಕ್ಕದಲ್ಲಿ ಬಂಡೆಯ ಬಿರುಕಿನಿಂದ ಬರುವ ಅನಿಲವನ್ನು ಅಳೆಯುವ ಒಂದು ಕೊಳವೆ. ಜೇಡಿ ಒಣಗದಂತೆ, ಕೊಳವೆಗೆ ಹೂಳು ತುಂಬದಂತೆ ನೋಡಿಕೊಳ್ಳುವುದು ಅವರ ಎರಡನೆಯ ಕೆಲಸ.

ಇವನ್ನು ಇಟ್ಟವರು ಮಶ್ಹದ್ ನಗರದ ಸಂಶೋಧಕಿ ಡಾ. ರೋಯಾ. ಭೂಕಂಪಕ್ಕೆ ಮುನ್ನ ಬಂಡೆಗಳು ಒತ್ತಡಕ್ಕೆ ಸಿಕ್ಕಿ ನಲುಗುವಾಗ ನೆಲದಲ್ಲಿ ಸಣ್ಣಗೆ ವಿದ್ಯುತ್ತು ಹರಿಯಬಹುದು, ಅನಿಲ ಹೆಚ್ಚು ಜಿನುಗಬಹುದು, ನೀರು ಬೆಚ್ಚಗಾಗಬಹುದು ಎಂಬುದು ಅವರ ಹುಡುಕಾಟ. “ಎಲ್ಲಾ ‘ಬಹುದು’ಗಳೇ” ಎಂದು ಅವರೇ ನಗುತ್ತಾರೆ. ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ತಟ್ಟೆಗಳು ಮಂಕಾಗಿವೆಯಲ್ಲ ಎಂದು ಬರಾತಲಿ, ಹೆಂಡತಿ ಗೊಲಾಂದಾಮ್ ಚಹಾ ಕಾಯಿಸುವ ಸಮೋವರ್ ಉಜ್ಜುವ ಹಾಗೆ, ಬೂದಿ ಹಾಕಿ ಫಳಫಳ ಉಜ್ಜಿಬಿಟ್ಟರು. ಪೆಟ್ಟಿಗೆಯಲ್ಲಿ ಅಳತೆಯ ಗೀಟುಗಳು ಕುಣಿದವು, ಭೂಕಂಪವೇ ಬಂತೆಂದು ಮಶ್ಹದ್‌ನಲ್ಲಿ ಎಲ್ಲರೂ ಗಾಬರಿಬಿದ್ದರು. ಊರು ಅದಕ್ಕೆ ಸಮೋವರ್ ಭೂಕಂಪ ಎಂದೇ ಹೆಸರಿಟ್ಟಿದೆ.

“ನಗ್ಲಿ ಬಿಡಿ. ಕೊಳಕಾಗಿರೋದನ್ನ ತೊಳೀಬಾರ್ದು ಅಂತ ಯಾರಿಗ್ ಗೊತ್ತಿತ್ತು?” ಎನ್ನುತ್ತಾರೆ ಬರಾತಲಿ.

ತಂದೆಯ ಮಾತು ಬಂದಾಗ ಮಾತ್ರ ಅವರು ನಗುವುದಿಲ್ಲ. ಅವರು ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ಕಾಲುವೆಯ ನೀರು ಹಾಲಿನಂತೆ ಕಲಕಿ ಬಂತು. ನೀರು ಕಲಕಿದರೆ ಕನಾತ್ ತೋಡುವವನಿಗೆ ಹೊಳೆಯುವ ಅರ್ಥ ಒಂದೇ: ಒಳಗೆಲ್ಲೋ ಮಣ್ಣು ಕುಸಿದಿದೆ, ಹೋಗಿ ತೆಗೆಯಬೇಕು. ತಂದೆ ಗುದ್ದಲಿ ಹಿಡಿದು ಇಳಿದರು. ಸಂಜೆಯ ಹೊತ್ತಿಗೆ ಭೂಮಿ ನಡುಗಿತು. ಅವರು ಇಳಿದ ಸುರಂಗದ ಕವಲು ಇಂದಿಗೂ ಮುಚ್ಚಿಕೊಂಡಿದೆ, ತಂದೆ ಅಲ್ಲೇ ಇದ್ದಾರೆ.

ಇದನ್ನು ಹೇಳುತ್ತಿರುವಾಗಲೇ ಅವರ ಕಣ್ಣು ಕಾಲಬುಡಕ್ಕೆ ಹೋಗುತ್ತದೆ. ದೀಪದ ಬೆಳಕಿನಲ್ಲಿ ನೀರು ಮಬ್ಬಾಗಿದೆ. ಅವರು ಕೈ ಅದ್ದುತ್ತಾರೆ, ಮೂಸುತ್ತಾರೆ. ಇನ್ನೂ ಒಳಗೆ ಅವರ ನಾಲ್ವರು ಆಳುಗಳು ಹೂಳು ತೆಗೆಯುತ್ತಿದ್ದಾರೆ.

“ಲೇ ಖೊದಾದಾದ್! ಗುದ್ದಲಿ ಅಲ್ಲೇ ಬಿಸಾಕಿ ಎಲ್ಲರ್ನೂ ಹೊರಡ್ಸೋ!”

“ಉಸ್ತಾದ್, ಇನ್ನೊಂದ್ ಗಳಿಗೆ ಕೊಡಿ, ಮುಗೀತು!”

“ಮುಗಿಯೋದ್ ನೀನು ಕಣೋ! ಬಾ ಅಂದ್ರೆ ಬಾ!”

ಒಬ್ಬೊಬ್ಬರಾಗಿ ನಾವೆಲ್ಲ ಹಗ್ಗ ಹಿಡಿದು ಮೇಲೆ ಬರುತ್ತೇವೆ. ಕೊನೆಗೆ ಬರುವವರು ಬರಾತಲಿ. ಮೇಲೆ ಊರಿಗೆ ನೀರು ಹಂಚುವ ಹಾಜಿ ಎಸ್ಕಂದರ್ ಕೆಂಡವಾಗಿದ್ದಾರೆ. ಹೂಳು ತೆಗೆಯದಿದ್ದರೆ ದಾಳಿಂಬೆ ತೋಟಗಳಿಗೆ ನೀರಿಲ್ಲ, ಮರಗಳು ಹೂವಿನಲ್ಲಿವೆ. ಹೋದ ವರ್ಷವೂ ಬರಾತಲಿ ಹೀಗೆಯೇ ಎಲ್ಲರನ್ನೂ ಮೇಲೆ ಕರೆದಿದ್ದರು, ಏನೂ ಆಗಿರಲಿಲ್ಲ.

“ಇವತ್ತು ಕೆಳಗಿಳೀಲಿಲ್ಲ ಅಂದ್ರೆ ನಾಳೆಯಿಂದ ನೀನ್ ಬರೋದೇ ಬೇಡ. ಪಕ್ಕದೂರಿನವನನ್ನ ಕರೆಸ್ತೀನಿ” ಎಂದು ಹಾಜಿ ಗದರುತ್ತಾರೆ.

ಬರಾತಲಿ ಡಾ. ರೋಯಾಗೆ ಫೋನು ಹಚ್ಚುತ್ತಾರೆ. ಎಲ್ಲರಿಗೂ ಕೇಳುವಂತೆ ಆಕೆ ಹೇಳುತ್ತಾರೆ: “ನಿನ್ನೆಯಿಂದ ಗೀಟು ಏರಿದೆ ಬಾಬಾ, ಅನಿಲಾನೂ ಜಾಸ್ತಿ ಆಗಿದೆ. ಆದ್ರೆ ಹಿಂದೆ ಹೀಗೆ ಏರಿ ಸುಮ್ನೆ ಇಳಿದಿದ್ದೂ ಇದೆ. ಬರುತ್ತೆ ಅಂತ ಹೇಳಲಾರೆ, ಬರಲ್ಲ ಅಂತಾನೂ ಹೇಳಲಾರೆ. ಸುಳ್ಳು ಹೇಳೋಕೆ ನಂಗೆ ಮನಸ್ಸಿಲ್ಲ.”

“ಸಾಕು ಮಗಳೇ” ಎಂದು ಬರಾತಲಿ ಫೋನು ಇಡುತ್ತಾರೆ. ಆಮೇಲೆ ಹಗ್ಗವನ್ನು ರಾಟೆಯಿಂದ ಬಿಚ್ಚಿ ಸುತ್ತಿ, ಅದರ ಮೇಲೆಯೇ ಕುಳಿತುಬಿಡುತ್ತಾರೆ.

ಇಡೀ ದಿನ ನಾವು ಬಯಲಿನಲ್ಲಿ ಕಾಯುತ್ತೇವೆ. ಗೊಲಾಂದಾಮ್ ಚಹಾ, ರೊಟ್ಟಿ, ಒಣ ಮೊಸರಿನ ಉಂಡೆ ತರುತ್ತಾರೆ. ಅಂಗೈಯನ್ನು ನೆಲಕ್ಕೆ ಊರಿ ಕೂರುತ್ತೇನೆ. ಕಾಲಡಿಯಲ್ಲಿ ಎಂಥದೋ ಬಿಗಿಯುತ್ತಿದೆ, ಅಥವಾ ಸಡಿಲವಾಗುತ್ತಿದೆ, ಅಥವಾ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿದೆ. ಇಷ್ಟು ದೊಡ್ಡದು ಮಾತಾಡಿದರೂ ಕೇಳಿಸುವುದು ಎರಡು ತಟ್ಟೆಗಳಿಗಷ್ಟೇ, ಅದೂ ಅರ್ಥವಾಗದ ಹಾಗೆ. ನನಗೆ ಭಯವಾಗುತ್ತದೆ, ಭಯಕ್ಕಿಂತ ಹೆಚ್ಚಾಗಿ ಬೆರಗಾಗುತ್ತದೆ.

ಸಂಜೆಯಾಗುತ್ತದೆ. ಏನೂ ಆಗುವುದಿಲ್ಲ.

“ಎಲ್ಲಯ್ಯಾ ನಿನ್ನ ಭೂಕಂಪ? ಸಮೋವರ್ ಒಳಗೆ ಕೂತಿದೆಯಾ?” ಎಂದು ಹಾಜಿ ಎಲ್ಲರ ಮುಂದೆ ಕೇಳುತ್ತಾರೆ. ಖೊದಾದಾದ್ ಕೂಡ ನಗು ತಡೆಯಲಾರ. ಪಕ್ಕದೂರಿನವನಿಗೆ ಹೇಳಿಕಳಿಸಿ ಆಗಿದೆ, ಬೆಳಿಗ್ಗೆ ಅವನು ಬರುತ್ತಾನೆ.

ಬರಾತಲಿ ತಾವೂ ನಗುತ್ತಾರೆ. ಹಗ್ಗವನ್ನು ಹಾಜಿಯ ಕೈಗೆ ಕೊಟ್ಟು, “ಆ ಹೊಸಬನಿಗೆ ಒಂದ್ ಮಾತು ಹೇಳಿ ಹಾಜಿ. ನೀರು ಕಲಕಿದ್ರೆ ಇಳೀಬೇಡ ಅನ್ನಿ” ಎನ್ನುತ್ತಾರೆ.

ಮನೆಯತ್ತ ನಡೆಯುವಾಗ, ಕೆಲಸ ಹೋಯಿತಲ್ಲ, ಬೇಸರವಿಲ್ಲವೇ ಎಂದು ಕೇಳುತ್ತೇನೆ.

“ಬೇಸರ ಇಲ್ದೆ ಏನು? ಆದ್ರೆ ನನ್ನ ಮಾತು ಪ್ರತಿ ಸಲ ಸುಳ್ಳಾಗ್ಲಿ ಅಂತಾನೇ ನಾನು ಕೇಳ್ಕೊಳ್ಳೋದು. ನಾಲ್ಕು ಜನಾನೂ ಮೇಲೆ ಕೂತು ಚಹಾ ಕುಡೀತಾ ನನ್ನ ಆಡ್ಕೊಂಡ್ರು, ನೋಡಿದ್ರಲ್ಲ? ಅವತ್ತು ನಮ್ಮಪ್ಪನೂ ಹೀಗೇ ಮೇಲೆ ಬಂದು ಊರವರ ಹತ್ರ ಬೈಸ್ಕೊಂಡಿದ್ರೆ ಎಷ್ಟ್ ಚೆನ್ನಾಗಿರ್ತಿತ್ತು!”