ಬಿಚ್ಚಿಟ್ಟ ಕುರ್ಚಿ

ಕುಶನ್ ಅಂಗಡಿಯವನನ್ನು ಸೋಮಾರಿ ಅನ್ನೋದಕ್ಕೆ ಯಾರಿಗೂ ಬಾಯಿ ಬರೋದಿಲ್ಲ. ಬೆಳಗಾಗೆದ್ದು ತುಟಿಯಲ್ಲಿ ಮೊಳೆ ಕಚ್ಚಿಕೊಂಡು ಕೂತನೆಂದರೆ, ಊಟಕ್ಕೆ ಕೂಗಿ ಕೂಗಿ ಹೆಂಡತಿ ಗಂಟಲು ಹರಿದುಕೊಳ್ಳಬೇಕು. ಮೇಷ್ಟ್ರ ಮನೆ ಸೋಫಾ, ಕ್ಷೌರದಂಗಡಿಯ ಕುರ್ಚಿ, ಬಸ್ಸಿನ ಸೀಟು, ಎಲ್ಲವೂ ಹೇಳಿದ ದಿನಕ್ಕೆ ತಯಾರು. ಅಂಥವನ ಅಂಗಡಿಯ ಮೂಲೆಯಲ್ಲಿ ಒಂದೇ ಒಂದು ಕುರ್ಚಿ ಮಾತ್ರ ಸ್ಪ್ರಿಂಗು ಹೊರಗೆ ಹಾಕಿಕೊಂಡು ಬಿದ್ದಿತ್ತು. ಅದು ಅವನ ಅಪ್ಪನದು.

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಎದೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. "ಚಪ್ಪಟೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಮಲಗಿದ್ರೆ ಉಸಿರು ಕಟ್ಟುತ್ತೆ," ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದರು. ಸೋಫಾದಲ್ಲಿ ಕೂರಿಸಿದರೆ ಜಾರಿ ಹೂತುಹೋಗುತ್ತಿದ್ದರು. ಎತ್ತರದ ಬೆನ್ನು, ಅಗಲವಾದ ಕೈ ಇದ್ದ ಅವರ ಹಳೇ ಕುರ್ಚಿಯೇ ಆಗಬೇಕು, ಆದರೆ ಅದರ ಸೀಟು ಕುಸಿದಿತ್ತು. "ನಾಳೆ ಮಾಡಿಕೊಡ್ತೀನಿ ಅಪ್ಪ," ಅಂದ ಮಗ. ಆ ನಾಳೆ ಬಂತು, ಹೋಯಿತು. ಸೊಸೆ ಮಂಚದ ಮೇಲೆ ದಿಂಬಿನ ಮೇಲೆ ದಿಂಬು ಪೇರಿಸಿ ಮಾವನನ್ನು ಒರಗಿಸುತ್ತಿದ್ದಳು. ಅವರು ಜಾರುತ್ತಿದ್ದರು, ಅವಳು ಎತ್ತುತ್ತಿದ್ದಳು.

"ಏನ್ರೀ, ಊರವರ ಕುಂಡೆಗೆಲ್ಲ ಮೆತ್ತೆ ಹಾಕ್ತೀರ, ಹೆತ್ತಪ್ಪನಿಗೆ ಒಂದು ಸೀಟು ಹೊಲಿಯೋಕಾಗಲ್ವಾ? ಏನು ಮೀನಮೇಷ ಎಣಿಸ್ತಾ ಇದ್ದೀರ?"

"ಬಟ್ಟೆ ಬಂದಿಲ್ಲ ಕಣೇ."

"ನಿಮ್ಮ ಮೊಣಕಾಲ ಹತ್ರಾನೇ ಇದೆಯಲ್ಲ, ಅದೇನು ಬಟ್ಟೆಯಲ್ವಾ?"

"ಅದರ ಬಣ್ಣ ಅಪ್ಪನಿಗೆ ಹಿಡಿಸಲ್ಲ."

ಬಣ್ಣವಂತೆ, ಬಣ್ಣ! ಉಸಿರಿಗಾಗಿ ಒದ್ದಾಡುವವರು ಬಣ್ಣ ನೋಡುತ್ತಾರೆಯೇ? ಅವನ ಸಂಕಟವೇ ಬೇರೆ.

ಕೆಲಸ ಕಲಿಸಿದವರು ಅಪ್ಪನೇ. ಬೈದವರಲ್ಲ, ಹೊಡೆದವರಲ್ಲ, ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಮಗ ಮುಗಿಸಿದ ಸೀಟಿನ ಮೇಲೆ ಹೆಬ್ಬೆರಳು ಒತ್ತಿ, ಅಂಚಿನುದ್ದಕ್ಕೂ ಮೆಲ್ಲಗೆ ಸರಿಸುತ್ತಾ ಹೋಗುತ್ತಿದ್ದರು. ಒಂದು ಕಡೆ ಬೆರಳು ನಿಲ್ಲುತ್ತಿತ್ತು. ಆಗ ಬ್ಲೇಡು ತೆಗೆದು, ಗಿರಾಕಿ ಎದುರಿಗೇ ಹೊಲಿಗೆಯನ್ನು ಸರ್ರನೆ ಸೀಳಿ, "ಮತ್ತೆ ಮಾಡು," ಅಂತ ಎದ್ದುಹೋಗುತ್ತಿದ್ದರು. ಮೀಸೆ ಬಂದ ಮೇಲೂ ಹೀಗೇ, ಹೊಸ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗಲೂ ಹೀಗೇ. ಅಪ್ಪ ಅಂಗಡಿಗೆ ಬರುವುದನ್ನು ಬಿಟ್ಟ ಮೇಲೆಯೇ ಮಗ ತಲೆಯೆತ್ತಿ ಗಿರಾಕಿಗಳ ಮುಖ ನೋಡಿದ್ದು.

ಈಗ ಈ ಕುರ್ಚಿ ಮಾಡಿಕೊಟ್ಟರೆ ಆ ಹೆಬ್ಬೆರಳು ದಿನವಿಡೀ ಅದರ ಸೀಟಿನ ಮೇಲೇ ಇರುತ್ತದೆ. ಪಾಪ, ಅವನೇನೂ ಕೈಕಟ್ಟಿ ಕೂತಿರಲಿಲ್ಲ. ಹೆಂಡತಿ ಒಳಗಿದ್ದಾಗ ಕದ್ದುಮುಚ್ಚಿ ಆ ಸೀಟು ಹೊಲಿಯುತ್ತಿದ್ದ, ತನ್ನ ಹೆಬ್ಬೆರಳು ಒತ್ತಿ ನೋಡುತ್ತಿದ್ದ, ಎಲ್ಲೋ ತಗ್ಗು ಸಿಕ್ಕಿದಂತಾಗಿ ಎಲ್ಲವನ್ನೂ ಬಿಚ್ಚಿ ಹಾಕುತ್ತಿದ್ದ. ಅಪ್ಪನ ಪರವಾಗಿ ತಾನೇ ಬ್ಲೇಡು ಹಿಡಿದಿದ್ದ.

ಅಪ್ಪನಿಗೂ ಏನೋ ಆಗಿತ್ತು. ಸೊಸೆ ಕೊಟ್ಟ ಲೋಟ ಕೈಯಿಂದ ಜಾರಿ ಬಿದ್ದರೆ, "ಜಿಡ್ಡು ಹಾಗೇ ಇದೆ, ನೆಟ್ಟಗೆ ತೊಳೀಬಾರದೇನಮ್ಮಾ?" ಅಂತ ರೇಗುತ್ತಿದ್ದರು. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಸೀಟನ್ನು ಇನ್ನೊಮ್ಮೆ ಬಿಚ್ಚಿ ಹಾಕಿದ್ದಷ್ಟೇ, ಒಳಗಿನಿಂದ ಹೆಂಡತಿ ಕಿರುಚಿದಳು.

"ರೀ, ಓಡಿ ಬನ್ನಿ! ಮಾವ!"

ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಪ್ಪ ದಿಂಬಿನಿಂದ ಜಾರಿ ಚಪ್ಪಟೆ ಮಲಗಿಬಿಟ್ಟಿದ್ದರು. ತುಟಿ ಕಪ್ಪಿಟ್ಟಿತ್ತು. ಅವಳು ಅವರನ್ನೆತ್ತಿ, ಬೆನ್ನಿಗೆ ಬೆನ್ನು ಕೊಟ್ಟು, ಕಾಲನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದಳು. "ಡಾಕ್ಟರಿಗೆ ಫೋನ್ ಮಾಡ್ದೆ. ಬರೋವರೆಗೂ ಕೂರಿಸಿರಿ ಅಂದ್ರು. ಹೇಗೋ ಹಿಡ್ಕೊಂಡಿರ್ತೀನಿ, ಆ ದರಿದ್ರ ಕುರ್ಚಿ ತನ್ನಿ!"

ಅವನು ಮನೆ ಮುಂದಿನ ಅಂಗಡಿಗೆ ಓಡಿದ. ಸೀಟಿನಡಿಗೆ ಪಟ್ಟಿ ಎಳೆದು ಮೊಳೆ ಹೊಡೆದ, ಸ್ಪ್ರಿಂಗುಗಳನ್ನು ಕಟ್ಟಿದ, ನಾರು ತುಂಬಿದ, ಕೈಗೆ ಸಿಕ್ಕ ಬಟ್ಟೆ ಹೊದಿಸಿದ. ಹೊಲಿಯಲು ಎಲ್ಲಿದೆ ಪುರುಸೊತ್ತು? ಸುತ್ತಲೂ ಮೊಳೆ ಜಡಿದ. ಜಡಿಯುತ್ತಿದ್ದಾಗಲೇ ಗೊತ್ತಾಯಿತು, ಬಲಮೂಲೆಯಲ್ಲಿ ಒಂದು ಸ್ಪ್ರಿಂಗು ವಾಲಿದೆ. ಅಭ್ಯಾಸಬಲ, ಕೈ ತಾನಾಗಿ ಬ್ಲೇಡಿನ ಕಡೆ ಹೋಯಿತು. ಒಳಗೆ ಗೊರಗೊರ ಅನ್ನುತ್ತಿದ್ದ ಉಸಿರು ತಟ್ಟನೆ ನಿಂತಿತು. ಅವನ ಕೈಯೂ ನಿಂತಿತು. ಮತ್ತೆ ಗೊರಗೊರ ಶುರುವಾಯಿತು. ಬ್ಲೇಡನ್ನು ಬೀದಿಗೆ ಎಸೆದು, ಕುರ್ಚಿಯನ್ನು ತಬ್ಬಿಕೊಂಡು ಒಳಗೋಡಿದ.

ಇಬ್ಬರೂ ಸೇರಿ ಕೂರಿಸಿದರು. ಕುರ್ಚಿಯ ಕೈಗಳು ಅಪ್ಪನನ್ನು ಎರಡೂ ಕಡೆ ಹಿಡಿದುಕೊಂಡವು. ಉಸಿರು ಮೆಲ್ಲಗೆ ಹದಕ್ಕೆ ಬಂತು. ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, "ಕೂರಿಸಿದ್ದಕ್ಕೆ ಉಳಿದ್ರು," ಅಂದು ಹೋದರು. ಹೆಂಡತಿ ನೆಲದ ಮೇಲೇ ಕುಸಿದು ಕೂತು ಗಳಗಳ ಅತ್ತಳು.

ಆಗ ಹೊರಟಿತು ಅಪ್ಪನ ಹೆಬ್ಬೆರಳು. ಎಡ ಅಂಚಿನಿಂದ ಮುಂದಕ್ಕೆ, ಮುಂದಿನಿಂದ ಬಲಕ್ಕೆ. ಮಗ ಉಸಿರು ಬಿಗಿಹಿಡಿದು ನಿಂತ. ಬೆರಳು ವಾಲಿದ ಸ್ಪ್ರಿಂಗಿನ ಮೇಲೆ ಬಂತು. ನಿಲ್ಲಲಿಲ್ಲ, ದಾಟಿ ಹೋಯಿತು. ಮತ್ತೆ ಹಿಂದಕ್ಕೆ ಬಂತು, ಮತ್ತೆ ದಾಟಿ ಹೋಯಿತು.

ಅಪ್ಪ ತಲೆಯೆತ್ತಲಿಲ್ಲ. "ಎಲ್ಲಿ ಕೆಟ್ಟಿದೆ, ನೀನೇ ಹೇಳಪ್ಪ. ನನಗೆ ಗೊತ್ತಾಗ್ತಿಲ್ಲ."

"ಅಂದ್ರೆ?"

"ಎರಡೂ ಕೈಯ ಬೆರಳು ಮರಗಟ್ಟಿವೆ, ಆಸ್ಪತ್ರೆಯಿಂದ ಬಂದಾಗಿನಿಂದ. ಲೋಟಾನೂ ನಿಲ್ಲಲ್ಲ. ಹೇಳ್ಬೇಕು ಅಂತಲೇ ಇದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ಹೆಂಡತಿ ಅಳು ನಿಲ್ಲಿಸಿ ಮಾವನ ಕೈ ನೋಡಿದಳು. ಮಗನಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಇಲ್ಲದ ಬೆರಳಿಗೆ ಹೆದರಿ ಇದ್ದ ಅಪ್ಪನನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಅನ್ನಿಸಿತು. ಮಂಡಿಯೂರಿ ಕೂತು ಅಪ್ಪನ ಹೆಬ್ಬೆರಳು ಹಿಡಿದು ಬಲಮೂಲೆಯಲ್ಲಿಟ್ಟ.

"ಇಲ್ಲಿ, ಅಪ್ಪ. ಸ್ಪ್ರಿಂಗು ವಾಲಿದೆ."

"ಗೊತ್ತಿದ್ದೂ ಹಾಗೇ ತಂದ್ಯಾ?"

"ಹೂಂ."

ಅಪ್ಪ ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. "ಒಳ್ಳೇ ಕೆಲಸ ಮಾಡ್ದೆ," ಅಂದರು.