ಹೆಸರು ಬಿಟ್ಟು ಹೇಳಿದ ಮಾತು

ಮೊನ್ನೆ ರಾಯಚೂರಿನಿಂದ ಯರಗೇರಾಕ್ಕೆ ಹೊರಟ ಬಸ್ಸಿನಲ್ಲಿ, ಮಳೆಗೆ ನೆನೆದ ಕಂಬಳಿ ಹೊದ್ದವರೊಬ್ಬರು ನನ್ನ ಪಕ್ಕ ಬಂದು ಕುಳಿತರು. ಕುರಿಯ ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ದೇವದುರ್ಗದ ಅಮರಪ್ಪನ ಮನೆ ನೆನಪಾಯಿತು.

ನಾನಾಗ ಪ್ರೊಬೇಷನ್ ಅಧಿಕಾರಿ. ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ನಮ್ಮ ನೆಂಟರು ಇಂದಿಗೂ ನಾನು ಅಬಕಾರಿಯಲ್ಲಿದ್ದೆ ಎಂದೇ ತಿಳಿದಿದ್ದಾರೆ. ಶಿಕ್ಷೆ ಹೇಳುವ ಮೊದಲು ತಪ್ಪಿತಸ್ಥನ ಹಿನ್ನೆಲೆ ವಿಚಾರಿಸಿ ನ್ಯಾಯಾಧೀಶರಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು.

ಕಲ್ಲೂರಿನ ಬೀರಪ್ಪನೆಂಬ ಹರೆಯದವ, ಕುರಿ ಹೊಲಕ್ಕೆ ನುಗ್ಗಿದ ಜಗಳದಲ್ಲಿ ಒಬ್ಬನ ಕೈ ಮುರಿದಿದ್ದ. ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದೆಂದು ನಾನು ಹೇಳಿದರೆ ಮಾನ್ವಿಯ ನ್ಯಾಯಾಧೀಶರು ಒಪ್ಪಲಿಲ್ಲ. "ಪೆರೋಲ್ ರಜೆಯ ಮೇಲೆ ಬಿಟ್ಟವರೇ ಜೈಲಿಗೆ ತಿರುಗಿ ಬರುವುದಿಲ್ಲವಂತೆ. ಇವನನ್ನು ಹೇಗೆ ನಂಬಲಿ?" ಎಂದರು.

ಜೈಲಿನಿಂದ ಮಾಹಿತಿ ತರಿಸಿದೆ. ಪೆರೋಲ್ ಮೇಲೆ ಹೋದ ಈ ಕಡೆಯವರೆಲ್ಲ ಹೇಳಿದ ದಿನಕ್ಕೆ ತಿರುಗಿ ಬಂದಿದ್ದರು. ಅಮರಪ್ಪನೊಬ್ಬನ ಮುಂದೆ ಮಾತ್ರ 'ಪರಾರಿ' ಎಂದಿತ್ತು. ಆ ಒಂದು ಪದ ಬಾಯಿಂದ ಬಾಯಿಗೆ ಬೆಳೆದು ಕೋರ್ಟಿಗೆ ಮುಟ್ಟಿತ್ತು.

ಅಷ್ಟರಲ್ಲಿ ಅಮರಪ್ಪ ಶಿಕ್ಷೆ ಮುಗಿಸಿ ಮನೆ ಸೇರಿದ್ದ. ದೇವದುರ್ಗಕ್ಕೆ ಹುಡುಕಿಕೊಂಡು ಹೋದೆ. ಪಡಸಾಲೆಯ ತುಂಬ ಒಣಗಲು ಹಾಕಿದ ಒದ್ದೆ ಕಂಬಳಿಗಳ ವಾಸನೆ.

"ನಾ ಎಲ್ಲಿ ಓಡಿ ಹೋಗಿದ್ನಿರೀ ಸಾಹೇಬ್ರ? ರಜಾ ಮುಗದು ಜೈಲಿಗಿ ಹೊಂಡೋ ದಿನಾನೇ ಅವ್ವ ತೀರಿಕೊಂಡ್ಳು. ಠಾಣೇದಾಗ ಹೇಳಿ, ಮಣ್ಣು ಕೊಟ್ಟು, ನಾನಾಗೇ ಹೋಗಿ ಜೈಲಿನ ಬಾಗಲಾ ಬಡದೀನಿ."

ಠಾಣೆಯಲ್ಲಿ ಹೇಳಿದ ಆ ಮಾತು ಜೈಲಿಗೆ ಮುಟ್ಟಿರಲೇ ಇಲ್ಲ. ಬೀರಪ್ಪನ ಸಂಗತಿ ತಿಳಿಸಿ, ಇದನ್ನು ಕೋರ್ಟಿನಲ್ಲಿ ಹೇಳಲೇ ಎಂದು ಕೇಳಿದ್ದೇ ತಡ, ಅವನ ಹೆಂಡತಿ ಹುಲಿಗೆಮ್ಮ ಒಳಗಿನಿಂದ ಓಡಿ ಬಂದಳು.

"ಬ್ಯಾಡ್ರಿ ಯಪ್ಪಾ! ಮಗಳಿಗಿ ಮಾನ್ವ್ಯಾಗ ಗಂಡು ಗೊತ್ತಾಗ್ಯಾದ. ಬೀಗರಿಗಿ ಜೈಲಿನ ಸುದ್ದಿ ಗೊತ್ತಿಲ್ಲ. ನಿಮ್ಮ ಕಾಲಿಗಿ ಬೀಳ್ತೀನಿ."

ಅಮರಪ್ಪ ಅವಳನ್ನು ತಡೆದು ನನ್ನ ಕಡೆ ತಿರುಗಿದ. "ಆ ಹುಡುಗಗ ಅವ್ವ ಅದಾಳೇನ್ರಿ?" ಎಂದು ಕೇಳಿದ. ಇದ್ದಾಳೆ ಎಂದೆ. "ಹಂಗಾದ್ರ ನಡದದ್ದು ಹೇಳ್ರಿ. ಹೆಸರು ಮಾತ್ರ ಬ್ಯಾಡ."

ಕೋರ್ಟಿನಲ್ಲಿ ಹಾಗೆಯೇ ಹೇಳಿದೆ. ಸರ್ಕಾರಿ ವಕೀಲರು ಎದ್ದರು: "ಹೆಸರಿಲ್ಲದವನ ಕಥೆ ಯಾರು ನಂಬಬೇಕು?" ನ್ಯಾಯಾಧೀಶರೂ ಹೆಸರು ಕೇಳಿದರು. ನನ್ನ ಹಿಂದೆ ಬೆಂಚಿನ ತುಂಬ ಮಾನ್ವಿಯ ಜನ. ಅವರಲ್ಲಿ ಆ ಬೀಗರು ಇದ್ದರೋ ಇಲ್ಲವೋ, ಯಾರು ಬಲ್ಲರು?

"ನಿಮ್ಮ ಕೊಠಡಿಯಲ್ಲಿ ಹೇಳುತ್ತೇನೆ ಸ್ವಾಮಿ. ಇಲ್ಲಿ ಹೇಳಲಾರೆ."

ನನ್ನನ್ನೇ ಒಳಗೆ ಹಾಕುತ್ತಾರೆಂದುಕೊಂಡೆ. ಅವರು ಎದ್ದು ಒಳಗೆ ಕರೆದರು. ಹೆಸರು ಕೇಳಿಕೊಂಡು ಠಾಣೆಗೆ ಫೋನು ಮಾಡಿಸಿದರು. ಅಮರಪ್ಪ ಹೇಳಿದ್ದು ನಿಜವಾಗಿತ್ತು.

ಬೀರಪ್ಪನನ್ನು ಬಿಟ್ಟರು. ಮುಂದೆ ಇಂಥ ಮಾಹಿತಿ ಕಳಿಸುವಾಗ ತಡವಾದ ಕಾರಣವೂ ಜೊತೆಗಿರಲಿ, ಹೆಸರು ಬೇಡ ಎಂದು ಜೈಲಿಗೆ ಬರೆದರು. ದೇವದುರ್ಗದ ಮದುವೆಯೂ ಸುಸೂತ್ರವಾಗಿ ನಡೆಯಿತು.

ಯರಗೇರಾದಲ್ಲಿ ಬಸ್ಸಿಳಿದೆ. ಕಟ್ಟುತ್ತಿದ್ದ ಕಟ್ಟಡವೊಂದರ ಬಿದಿರು ಸಾರುವೆಯಿಂದ ಒಬ್ಬ ಮೇಸ್ತ್ರಿ ಇಳಿದು ಬಂದು ಕೈಮುಗಿದ. ಬೀರಪ್ಪ! ಕೂದಲು ನರೆಯತೊಡಗಿದೆ.

"ಸರ, ಅವತ್ತು ಕೋರ್ಟಿನ್ಯಾಗ ಯಾರದೋ ಸಂಗತಿ ಹೇಳಿದ್ರಲ್ರೀ, ಅವ್ರು ಯಾರು? ಒಮ್ಮಿ ಕಾಲು ಮುಟ್ಟಿ ಬರ್ತೀನಿ."

ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ವಯಸ್ಸಾಯಿತಲ್ಲಪ್ಪಾ, ಮರೆತುಬಿಟ್ಟೆ" ಎಂದೆ.